ಡ್ರಮ್ ತಿರುಗುತ್ತದೆ, ಬಿಸಿ ಬರುವುದಿಲ್ಲ: ಹಳೆಯ ಡ್ರೈಯರ್ ದುರಸ್ತಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಾವು ಕೊಂಡ ಮನೆಯ ಬೇಸ್‌ಮೆಂಟಿನಲ್ಲಿ ಹಿಂದಿನವರು ಬಿಟ್ಟುಹೋದ ಎಲೆಕ್ಟ್ರಿಕ್ ಡ್ರೈಯರ್ ಇದೆ. ಇಪ್ಪತ್ತು ವರ್ಷಕ್ಕಿಂತ ಹಳೆಯದು. ಬಟ್ಟೆಯ ನಾರನ್ನು ಹಿಡಿಯುವ ಲಿಂಟ್ ಜಾಲರಿ ಯಂತ್ರದ ಮೇಲ್ಭಾಗದಲ್ಲಿದೆ. ಬಾಗಿಲಿನ ಒಳಅಂಚಿನ ಚೀಟಿಯಲ್ಲಿ ಮಾದರಿ ಸಂಖ್ಯೆ 110ರಿಂದ ಆರಂಭವಾಗುತ್ತದೆ. ಕಳೆದ ಚಳಿಗಾಲದಿಂದ ಟವೆಲ್ಲುಗಳು ಒಂದೇ ಸಲಕ್ಕೆ ಒಣಗುತ್ತಿರಲಿಲ್ಲ. ಈಗ ಬಿಸಿ ಬರುವುದೇ ನಿಂತಿದೆ, ಡ್ರಮ್ ಮಾತ್ರ ತಿರುಗುತ್ತದೆ. ಆಟೋಮ್ಯಾಟಿಕ್‌ಗೆ ಇಟ್ಟರೆ ಟೈಮರಿನ ಗುಂಡಿ ಇದ್ದಲ್ಲೇ ಇರುತ್ತದೆ, ಗಂಟೆಗಟ್ಟಲೆ ಓಡಿದರೂ ಯಂತ್ರ ತಾನಾಗಿ ನಿಲ್ಲುವುದಿಲ್ಲ. ಆರಂಭದಲ್ಲಿ ದಡದಡ ಸದ್ದೂ ಇದೆ. ನೋಡಲು ಬಂದ ಮೆಕ್ಯಾನಿಕ್ ಹೀಟರ್, ಟೈಮರ್ ಎರಡೂ ಹೋಗಿವೆ, ಹೊಸದನ್ನೇ ಕೊಳ್ಳಿ ಎಂದರು. ಇದನ್ನು ದುರಸ್ತಿ ಮಾಡಬಹುದೇ? ಎರಡು-ಮೂರು ವರ್ಷಗಳಲ್ಲಿ ಮೈಸೂರಿಗೆ ಮರಳುವ ಯೋಚನೆಯಿದೆ. ಸಾಮಾನುಗಳ ಜೊತೆ ಇದನ್ನೂ ತರಬಹುದೇ?

ಉತ್ತರ: ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಟೈಮರ್ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ, ಹೀಟರಿನ ಕಾಯಿಲ್ ಕೂಡ ಚೆನ್ನಾಗಿಯೇ ಇರಬಹುದು. ಮೊದಲು ಒಣಗುವುದು ನಿಧಾನವಾಯಿತು, ತಿಂಗಳುಗಳ ಬಳಿಕ ಬಿಸಿ ಪೂರ್ತಿ ನಿಂತಿತು ಎಂಬ ಈ ಕ್ರಮವೇ ದೋಷ ಎಲ್ಲಿದೆ ಎಂಬುದನ್ನು ಸೂಚಿಸುತ್ತದೆ. ಕಾಯಿಲ್ ತಾನಾಗಿ ತುಂಡಾಗಿದ್ದರೆ ನಿನ್ನೆಯವರೆಗೆ ಚೆನ್ನಾಗಿ ಒಣಗಿಸುತ್ತಿದ್ದ ಯಂತ್ರ ಇಂದು ತಣ್ಣಗಾಗುತ್ತಿತ್ತು. ನಿಮ್ಮಲ್ಲಿ ಹಾಗಾಗಿಲ್ಲ. ಯಂತ್ರದಿಂದ ಮನೆಯ ಹೊರಗೋಡೆಯವರೆಗೆ ಗಾಳಿ ಸಾಗುವ ದಾರಿ ಕಟ್ಟಿಕೊಂಡು, ಶಾಖ ಒಳಗೇ ಉಳಿದು, ಕೊನೆಗೆ ಒಂದು ರಕ್ಷಣಾ ಬಿಡಿಭಾಗ ತನ್ನ ಕೆಲಸ ಮಾಡಿ ಕರಗಿದೆ ಎಂಬುದು ನನ್ನ ಅಂದಾಜು. ಆ ಬಿಡಿಭಾಗವನ್ನು ಮಾತ್ರ ಬದಲಿಸಿ ಗಾಳಿಯ ದಾರಿಯನ್ನು ಹಾಗೆಯೇ ಬಿಟ್ಟರೆ ಇದೇ ತೊಂದರೆ ಮರುಕಳಿಸುತ್ತದೆ.

ಮೊದಲು ಟೈಮರಿನ ವಿಷಯ ನೋಡೋಣ, ಏಕೆಂದರೆ ಹಳೆಯ ಡ್ರೈಯರ್‌ಗಳಲ್ಲಿ ವಿನಾಕಾರಣ ಬದಲಾಯಿಸಲ್ಪಡುವ ದುಬಾರಿ ಭಾಗವೆಂದರೆ ಅದೇ. ಈ ಪೀಳಿಗೆಯ ಯಂತ್ರಗಳಲ್ಲಿ ಆಟೋಮ್ಯಾಟಿಕ್ ಎಂದರೆ ಬಟ್ಟೆಯ ತೇವವನ್ನು ಅಳೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಇರಬೇಕೆಂದಿಲ್ಲ. ಹಲವು ಮಾದರಿಗಳಲ್ಲಿ ಅದು ಥರ್ಮೋಸ್ಟಾಟನ್ನು, ಅಂದರೆ ಉಷ್ಣತೆಗೆ ತಕ್ಕಂತೆ ವಿದ್ಯುತ್ತನ್ನು ಕಡಿದು ಕೂಡಿಸುವ ಸ್ವಿಚ್ಚನ್ನು, ನಂಬಿದ ಸರಳ ಉಪಾಯ. ಹೀಟರಿಗೆ ವಿದ್ಯುತ್ ಹೋಗುತ್ತಿರುವಷ್ಟು ಹೊತ್ತು ಟೈಮರಿನ ಪುಟ್ಟ ಮೋಟಾರು ನಿಂತಿರುತ್ತದೆ. ಡ್ರಮ್ಮಿನಿಂದ ಹೊರಬರುವ ಗಾಳಿ ಸುಮಾರು 155 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 68 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಈ ಮುಖ್ಯ ಥರ್ಮೋಸ್ಟಾಟ್ ತೆರೆದುಕೊಂಡು ಹೀಟರನ್ನು ಆರಿಸುತ್ತದೆ. ಆಗ ಮಾತ್ರ ಟೈಮರಿನ ಮೋಟಾರು ಓಡಿ ಗುಂಡಿ ಒಂದಿಷ್ಟು ಮುಂದೆ ಸರಿಯುತ್ತದೆ. ಬಟ್ಟೆ ಒದ್ದೆಯಿರುವಾಗ ಗಾಳಿ ಬೇಗ ಬಿಸಿಯೇರುವುದಿಲ್ಲವಾದ್ದರಿಂದ ಗುಂಡಿ ನಿಂತೇ ಇರುತ್ತದೆ, ಒಣಗುತ್ತ ಬಂದಂತೆ ಮತ್ತೆ ಮತ್ತೆ ಸರಿಯುತ್ತದೆ. ಹೀಟರಿಗೆ ವಿದ್ಯುತ್ತೇ ಸಿಗದಿದ್ದರೆ ಗಾಳಿ ಆ ಮಟ್ಟವನ್ನು ಎಂದೂ ಮುಟ್ಟುವುದಿಲ್ಲ, ಹಾಗಾಗಿ ಗುಂಡಿಯೂ ಕದಲುವುದಿಲ್ಲ. ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಗುಂಡಿಯನ್ನು ನಿಮಿಷಗಳ ಲೆಕ್ಕವಿರುವ ಟೈಮ್ಡ್ ಡ್ರೈ ಭಾಗಕ್ಕೆ ತಿರುಗಿಸಿ, ಇಪ್ಪತ್ತು ನಿಮಿಷಕ್ಕೆ ಇಟ್ಟು ಓಡಿಸಿ. ಅಲ್ಲಿ ಟೈಮರಿನ ಮೋಟಾರಿಗೆ ವಿದ್ಯುತ್ ನೇರವಾಗಿ ಸಿಗುತ್ತದೆ. ಹೇಳಿದ ಹೊತ್ತಿಗೆ ಯಂತ್ರ ನಿಂತರೆ ಟೈಮರಿನ ಮೋಟಾರು ಸರಿಯಾಗಿದೆ ಎಂದೇ ಅರ್ಥ.

ಯಾವುದೇ ಸ್ಕ್ರೂ ಬಿಚ್ಚುವ ಮೊದಲು ಬ್ರೇಕರ್ ಪೆಟ್ಟಿಗೆಯ ಬಳಿಗೆ ಹೋಗಿ. ಅಮೆರಿಕದ ಎಲೆಕ್ಟ್ರಿಕ್ ಡ್ರೈಯರಿಗೆ 30 ಆಂಪಿಯರಿನ ಜೋಡಿ ಬ್ರೇಕರ್ ಮೂಲಕ ಎರಡು ಲೈವ್ ತಂತಿಗಳು ಬರುತ್ತವೆ. ಅವೆರಡರ ನಡುವೆ 240 ವೋಲ್ಟ್, ಪ್ರತಿಯೊಂದಕ್ಕೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್ ಇರುತ್ತದೆ. ಡ್ರಮ್ ತಿರುಗಿಸುವ ಮೋಟಾರು 120 ವೋಲ್ಟಿನದು. ಹೀಟರಿಗೆ 240 ವೋಲ್ಟ್ ಬೇಕು. ಎರಡರಲ್ಲಿ ಒಂದು ತಂತಿ ಕೈಕೊಟ್ಟರೂ, ಅದು ಮೋಟಾರಿಗೆ ಹೋಗುವ ತಂತಿಯಲ್ಲದಿದ್ದರೆ, ಡ್ರಮ್ ಎಂದಿನಂತೆ ತಿರುಗುತ್ತಲೇ ಇರುತ್ತದೆ, ಬಿಸಿ ಮಾತ್ರ ಇರುವುದಿಲ್ಲ. ಬ್ರೇಕರನ್ನು ಪೂರ್ತಿ ಆಫ್ ಮಾಡಿ, ಮತ್ತೆ ಗಟ್ಟಿಯಾಗಿ ಆನ್ ಮಾಡಿ ನೋಡಿ. ಗೋಡೆಯ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಇಟ್ಟು 240 ವೋಲ್ಟ್ ಇದೆಯೇ ಎಂದು ಅಳೆಯಬಹುದು, ಆದರೆ ಅದು ಜೀವಂತ ವಿದ್ಯುತ್ತಿನ ಮೇಲೆ ಮಾಡುವ ಪರೀಕ್ಷೆ. ಅಭ್ಯಾಸವಿಲ್ಲದಿದ್ದರೆ ಅದೊಂದನ್ನು ಎಲೆಕ್ಟ್ರಿಷಿಯನ್ನರಿಗೆ ಬಿಡಿ. ಇನ್ನು ಮುಂದೆ ನಾನು ಹೇಳುವ ಬಿಚ್ಚುವ ಕೆಲಸಗಳೂ ಮೀಟರಿನ ಪರೀಕ್ಷೆಗಳೂ ಪ್ಲಗ್ ಕಿತ್ತಿಟ್ಟ ಯಂತ್ರದ ಮೇಲೆ ಮಾಡತಕ್ಕವು.

ಈಗ ಗಾಳಿಯ ದಾರಿಗೆ ಬರೋಣ. ಒದ್ದೆ ಬಟ್ಟೆ ಒಣಗುವುದಕ್ಕೆ ಶಾಖ ಎಷ್ಟು ಮುಖ್ಯವೋ, ಆ ಶಾಖದಿಂದ ಎದ್ದ ಆವಿಯನ್ನು ಹೊರಗೆ ಒಯ್ಯುವ ಗಾಳಿಯೂ ಅಷ್ಟೇ ಮುಖ್ಯ. ನಿಮ್ಮ ಯಂತ್ರದಲ್ಲಿ ಬ್ಲೋವರ್ ಫ್ಯಾನ್ ಕೋಣೆಯ ಗಾಳಿಯನ್ನು ಹೀಟರಿನ ತಗಡಿನ ಪೆಟ್ಟಿಗೆಯ ಮೂಲಕ ಡ್ರಮ್ಮಿಗೆ ಎಳೆದು, ಲಿಂಟ್ ಜಾಲರಿಯನ್ನು ದಾಟಿಸಿ, ಹಿಂಬದಿಯ ನಾಲ್ಕು ಇಂಚಿನ ಕೊಳವೆಯಿಂದ ಹೊರದೂಡುತ್ತದೆ. ಬಟ್ಟೆಯಿಂದ ಉದುರುವ ನವಿರಾದ ನಾರು, ಅಂದರೆ ಲಿಂಟ್, ಜಾಲರಿಯಲ್ಲಿ ಎಲ್ಲವೂ ನಿಲ್ಲುವುದಿಲ್ಲ. ಉಳಿದದ್ದು ಕೊಳವೆಯ ಗೋಡೆಗಳಿಗೆ ಅಂಟುತ್ತ ಹೋಗುತ್ತದೆ. ನ್ಯೂಜೆರ್ಸಿಯ ಚಳಿಗಾಲದಲ್ಲಿ ತಣ್ಣಗಿರುವ ಕೊಳವೆಯೊಳಗೆ ಆವಿ ನೀರಾಗಿ ಇಳಿದು ಆ ಲಿಂಟನ್ನು ಒದ್ದೆ ಮಾಡುತ್ತದೆ, ಒಣಗಿದ ಮೇಲೆ ಅದು ಹಪ್ಪಳಿಕೆಯಾಗಿ ಗಟ್ಟಿಯಾಗುತ್ತದೆ. ನಿಮ್ಮ ತೊಂದರೆ ಚಳಿಗಾಲದಲ್ಲಿ ಆರಂಭವಾದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಹೀಗೆ ಗಾಳಿ ನಿಧಾನವಾದಾಗ ಹೀಟರ್ ಪೆಟ್ಟಿಗೆಯ ಶಾಖ ಡ್ರಮ್ಮಿಗೆ ಸಾಗದೆ ಅಲ್ಲಿಯೇ ಏರುತ್ತದೆ. ಆ ಪೆಟ್ಟಿಗೆಯ ಮೇಲೆ ಹೈ ಲಿಮಿಟ್ ಎಂಬ ಥರ್ಮೋಸ್ಟಾಟ್ ಇದೆ. ಸುಮಾರು 250 ಡಿಗ್ರಿ ಫ್ಯಾರನ್‌ಹೀಟಿಗೆ (121 ಸೆಲ್ಸಿಯಸ್) ಅದು ತೆರೆದುಕೊಂಡು ಹೀಟರನ್ನು ಆರಿಸುತ್ತದೆ, ತಣಿದ ಮೇಲೆ ಮತ್ತೆ ಹಚ್ಚುತ್ತದೆ. ಬಟ್ಟೆ ಒದ್ದೆಯಿರುವಾಗಲೇ ಹೀಟರ್ ಹೀಗೆ ಪದೇ ಪದೇ ಆರಿಹೋಗುವುದರಿಂದ ಟವೆಲ್ಲುಗಳಿಗೆ ಎರಡೆರಡು ಸುತ್ತು ಬೇಕಾಗುತ್ತದೆ. ಅಷ್ಟು ಕಾಲ ಯಂತ್ರ ಓಡುತ್ತಿತ್ತು ನಿಜ, ಆದರೆ ತನ್ನ ಎರಡನೆಯ ರಕ್ಷಣೆಯ ಮೇಲೆ ಓಡುತ್ತಿತ್ತು. ಶಾಖ ಅದನ್ನೂ ಮೀರಿ ಏರಿದ ದಿನ ಮೂರನೆಯದಾದ ಥರ್ಮಲ್ ಕಟಾಫ್ ಸುಮಾರು 352 ಡಿಗ್ರಿಗೆ (178 ಸೆಲ್ಸಿಯಸ್) ಶಾಶ್ವತವಾಗಿ ಕಡಿದುಹೋಗುತ್ತದೆ. ಅದನ್ನು ಮತ್ತೆ ಕೂಡಿಸುವ ಗುಂಡಿಯಿಲ್ಲ; ಬದಲಿಸಲೇಬೇಕು.

ಆದ್ದರಿಂದ ಡ್ರೈಯರನ್ನು ಮುಂದೆ ಎಳೆದು ಹಿಂಬದಿಯ ಕೊಳವೆಯನ್ನು ನೋಡಿ. ಅಲ್ಲಿ ಬಿಳಿಯ ಪ್ಲಾಸ್ಟಿಕ್ಕಿನ ಸುರುಳಿ ಕೊಳವೆ ಕಂಡರೆ ಬೇರೆ ಯೋಚನೆ ಮಾಡದೆ ತೆಗೆದು ಬಿಸಾಡಿ. ಹಳೆಯ ಮನೆಗಳಲ್ಲಿ ಅದು ಇನ್ನೂ ಉಳಿದುಕೊಂಡಿದೆ, ಆದರೆ ಬೆಂಕಿ ಬಿದ್ದರೆ ಅದೇ ಉರಿಯುತ್ತದೆ. ತೆಳು ಫಾಯಿಲ್ಲಿನ ಕೊಳವೆಯೂ ಯಂತ್ರವನ್ನು ಗೋಡೆಗೆ ಒತ್ತಿದಾಗ ನಜ್ಜುಗುಜ್ಜಾಗುತ್ತದೆ. ಒಳಮೈ ನುಣುಪಾದ ಲೋಹದ ನಾಲ್ಕು ಇಂಚಿನ ಕೊಳವೆಯೇ ಸರಿ. ಅಮೆರಿಕದ ವಸತಿ ಕಟ್ಟಡಗಳ ಮಾದರಿ ಸಂಹಿತೆ ಇಂಥ ಕೊಳವೆಗೆ ಸಾಮಾನ್ಯವಾಗಿ 35 ಅಡಿಯ ಮಿತಿಯನ್ನು ಹಾಕುತ್ತದೆ, ಪ್ರತಿ 90 ಡಿಗ್ರಿಯ ಸಾಧಾರಣ ತಿರುವಿಗೆ ಅದರಲ್ಲಿ 5 ಅಡಿ, 45 ಡಿಗ್ರಿಯ ತಿರುವಿಗೆ ಎರಡೂವರೆ ಅಡಿ ಕಳೆಯಬೇಕು. ಬೇಸ್‌ಮೆಂಟಿನಲ್ಲಿ ಒಂದು ತಿರುವು ಕೆಳಗೆ, ಒಂದು ಮೇಲೆ, ತೊಲೆಯನ್ನು ತಪ್ಪಿಸಲು ಇನ್ನೊಂದು ಎಂದು ಸೇರುತ್ತ ಹೋದರೆ ಈ ಲೆಕ್ಕ ಬೇಗ ಮುಗಿದುಹೋಗುತ್ತದೆ. ಜೋಡಣೆಗಳಲ್ಲಿ ಸ್ಕ್ರೂ ಮೊನೆ ಒಳಗೆ ಚಾಚಿಕೊಂಡಿದ್ದರೆ ಲಿಂಟ್ ಅಲ್ಲಿಯೇ ಸಿಕ್ಕಿ ಗಡ್ಡೆಗಟ್ಟುತ್ತದೆ. ಅಲ್ಯೂಮಿನಿಯಂ ಫಾಯಿಲ್ ಟೇಪ್ ಸಾಕು. ಆಮೇಲೆ ಹೊರಗೆ ಹೋಗಿ ಗೋಡೆಯ ಮುಚ್ಚಳವನ್ನು ನೋಡಿ. ಯಂತ್ರ ಓಡುವಾಗ ಅದರ ರೆಕ್ಕೆಗಳು ಪೂರ್ತಿ ಮೇಲೇಳಬೇಕು. ಇಲಿ, ಹಕ್ಕಿ ಬಾರದಿರಲೆಂದು ಯಾರಾದರೂ ಅಲ್ಲಿ ಸಣ್ಣ ಕಣ್ಣಿನ ತಂತಿಬಲೆ ಬಿಗಿದಿದ್ದರೆ ಅದನ್ನು ತೆಗೆಯಿರಿ. ಸದುದ್ದೇಶದ ಕೆಲಸವೇ ಆದರೂ ಕೆಲವೇ ತಿಂಗಳಲ್ಲಿ ಅದು ಲಿಂಟಿನ ಬಿರಡೆಯಾಗುತ್ತದೆ.

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಬಟ್ಟೆ ಒಣಗುವುದಷ್ಟೇ ಕಾರಣವಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ ಸಂಸ್ಥೆಯು 2008ರಿಂದ 2010ರ ಅವಧಿಗೆ ಮಾಡಿದ ಅಂದಾಜಿನಂತೆ ಮನೆಗಳ ಡ್ರೈಯರ್‌ಗಳಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅವಘಡಗಳಾಗುತ್ತಿದ್ದವು. ಶುಚಿಗೊಳಿಸದೆ ಬಿಟ್ಟದ್ದೇ ಅವುಗಳ ಮುಖ್ಯ ಕಾರಣವಾಗಿತ್ತು, ಒಟ್ಟಿನಲ್ಲಿ 34 ಪ್ರತಿಶತ.

ಲಿಂಟ್ ಜಾಲರಿಯಲ್ಲೂ ಕಣ್ಣಿಗೆ ಕಾಣದ ಒಂದು ತಡೆಯಿರುತ್ತದೆ. ಬಟ್ಟೆ ಮೃದುವಾಗಲೆಂದು ಹಾಕುವ ಡ್ರೈಯರ್ ಶೀಟ್‌ಗಳಿಂದ ಮೇಣದಂಥ ಪದರ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತದೆ. ಲಿಂಟ್ ಒರೆಸಿ ತೆಗೆದಾಗ ಜಾಲರಿ ಶುಭ್ರವಾಗಿಯೇ ತೋರುತ್ತದೆ. ನಲ್ಲಿಯ ಕೆಳಗೆ ಹಿಡಿದು ನೋಡಿ: ನೀರು ಜಾಲರಿಯ ಮೇಲೆಯೇ ನಿಂತರೆ ಗಾಳಿಯೂ ಹೋಗುತ್ತಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೆದುವಾದ ಬ್ರಷ್ ಇಷ್ಟರಿಂದ ಅದು ಹೋಗುತ್ತದೆ.

ಗಾಳಿಯ ದಾರಿ ಸರಿಯಾದ ಮೇಲೆ ಯಂತ್ರದ ಹಿಂಬದಿಯ ತಗಡನ್ನು ಬಿಚ್ಚಿ. ಕಾಲಿಂಚಿನ ಷಡ್ಭುಜ ತಲೆಯ ಸ್ಕ್ರೂಗಳಿರುತ್ತವೆ. ತಗಡಿನ ಅಂಚುಗಳು ಬ್ಲೇಡಿನಷ್ಟು ಹರಿತ, ಕೈಗವಸು ಹಾಕಿಕೊಳ್ಳಿ. ಒಳಗೆ ಉದ್ದನೆಯ, ನಿಂತ ತಗಡಿನ ಪೆಟ್ಟಿಗೆಯೊಂದು ಕಾಣುತ್ತದೆ, ಹೀಟರ್ ಅದರೊಳಗಿದೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಎರಡು ತಂತಿಗಳಿರುವ ಸಣ್ಣ ಬಿಲ್ಲೆಯೇ ಥರ್ಮಲ್ ಕಟಾಫ್. ಕೆಳಗೆ, ಕಾಯಿಲ್ಲಿನ ತುದಿಗಳ ಪಕ್ಕದಲ್ಲಿರುವುದು ಹೈ ಲಿಮಿಟ್ ಥರ್ಮೋಸ್ಟಾಟ್. ಯಾವ ತಂತಿ ಎಲ್ಲಿತ್ತು ಎಂಬುದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡು, ಪರೀಕ್ಷಿಸುವ ಭಾಗದಿಂದ ಕನಿಷ್ಠ ಒಂದು ತಂತಿಯನ್ನಾದರೂ ಕಳಚಿ. ಹಾಗೆ ಮಾಡದಿದ್ದರೆ ಮೀಟರಿನ ವಿದ್ಯುತ್ ಬೇರೆ ಸುತ್ತಿನಿಂದ ಹರಿದು, ಸತ್ತ ಭಾಗವೂ ಬದುಕಿದಂತೆ ತೋರುತ್ತದೆ. ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು ಎರಡು ತುದಿಗಳಿಗೆ ಮುಟ್ಟಿಸಿದಾಗ ಕಟಾಫ್ ಮತ್ತು ಥರ್ಮೋಸ್ಟಾಟ್‌ಗಳಲ್ಲಿ ಸೊನ್ನೆಯ ಹತ್ತಿರದ ಸಂಖ್ಯೆ ಬರಬೇಕು. ಏನೂ ಬರದಿದ್ದರೆ ಆ ಭಾಗ ಹೋಗಿದೆ. ಕಾಯಿಲ್ಲಿನಲ್ಲಿ 8ರಿಂದ 12 ಓಮ್ ಸಿಗಬೇಕು. 240 ವೋಲ್ಟಿನಲ್ಲಿ 5,400 ವಾಟ್ ಕೊಡುವ ಕಾಯಿಲ್ಲಿಗೆ ಲೆಕ್ಕದ ಪ್ರಕಾರ 10.7 ಓಮ್ ಬರುತ್ತದೆ.

ಕಾಯಿಲ್ಲಿನ ಮೇಲೆ ಇನ್ನೊಂದು ಪರೀಕ್ಷೆ ಉಂಟು, ಅದನ್ನು ಬಿಡಬೇಡಿ. ಎರಡೂ ತಂತಿ ಕಳಚಿ, ಮೀಟರಿನ ಒಂದು ಮೊನೆಯನ್ನು ಕಾಯಿಲ್ಲಿನ ತುದಿಗೂ ಇನ್ನೊಂದನ್ನು ತಗಡಿನ ಪೆಟ್ಟಿಗೆಗೂ ಮುಟ್ಟಿಸಿ. ಇಲ್ಲಿ ಯಾವ ಸಂಖ್ಯೆಯೂ ಬರಬಾರದು. ಬಂದರೆ ಕಾಯಿಲ್ ಜೋತುಬಿದ್ದೋ ತುಂಡಾಗಿಯೋ ಪೆಟ್ಟಿಗೆಯನ್ನು ತಾಕುತ್ತಿದೆ. ಅಂಥ ಹೀಟರಿನಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡರೂ ತಗಡಿನ ಮೂಲಕ ವಿದ್ಯುತ್ ಹರಿದು ಶಾಖ ಮುಂದುವರಿಯಬಹುದು. ಕಟಾಫ್ ಕರಗುವುದಕ್ಕೆ ಗಾಳಿಯ ತಡೆಯನ್ನು ಬಿಟ್ಟರೆ ಇದೇ ಇನ್ನೊಂದು ಮುಖ್ಯ ಕಾರಣ.

ಕಟಾಫ್ ಹೋಗಿದ್ದರೆ ಅದರ ಜೊತೆಗೆ ಹೈ ಲಿಮಿಟ್ ಥರ್ಮೋಸ್ಟಾಟನ್ನೂ ಬದಲಿಸಿ. ಅಂಗಡಿಯಲ್ಲಿ ಅವೆರಡೂ ಒಂದೇ ಪೊಟ್ಟಣದಲ್ಲಿ ಸಿಗುತ್ತವೆ, ಸಕಾರಣವಾಗಿಯೇ: ಹೈ ಲಿಮಿಟ್ ತಿಂಗಳುಗಟ್ಟಲೆ ಲೆಕ್ಕವಿಲ್ಲದಷ್ಟು ಸಲ ತೆರೆದು ಮುಚ್ಚಿ ದಣಿದಿರುತ್ತದೆ. ಕೆನ್ಮೋರ್ ಹೆಸರಿನ ಯಂತ್ರಗಳಲ್ಲಿ ಮಾದರಿ ಸಂಖ್ಯೆ 110ರಿಂದ ಆರಂಭವಾದರೆ ಅದನ್ನು ತಯಾರಿಸಿದ್ದು ವರ್ಲ್‌ಪೂಲ್. ಆ ಬಿಡಿಭಾಗಗಳು ಇಂದಿಗೂ ಧಾರಾಳವಾಗಿ ದೊರೆಯುತ್ತವೆ. ಬ್ಲೋವರಿನ ಹೊರಕವಚದ ಮೇಲೆ ಬಿಳಿ ಬಣ್ಣದ ಥರ್ಮಲ್ ಫ್ಯೂಸ್ ಕೂಡ ಇದೆ. ಸುಮಾರು 196 ಡಿಗ್ರಿಗೆ (91 ಸೆಲ್ಸಿಯಸ್) ಕಡಿದುಹೋಗುವ ಅದು ನಿಮ್ಮಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೋಟಾರಿನ ಸುತ್ತಿನಲ್ಲಿರುವುದರಿಂದ, ಡ್ರಮ್ ತಿರುಗುತ್ತಿದೆ ಎಂದರೆ ಅದು ಸರಿಯಿದೆ. ತಂತಿ ಜೋಡಣೆ ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದಾದ್ದರಿಂದ ಯಂತ್ರದೊಳಗೆ ಅಂಟಿಸಿರುವ ಅಥವಾ ಮಡಿಸಿಟ್ಟಿರುವ ವೈರಿಂಗ್ ಚಿತ್ರವನ್ನು ಹುಡುಕಿ ನೋಡಿಕೊಳ್ಳಿ.

ಕಟಾಫ್ ಹೋಗಿದೆಯೆಂದು ತಿಳಿದ ಕೂಡಲೇ ಅದರ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿ ಓಡಿಸಿ ನೋಡುವ ಸಲಹೆ ನಿಮ್ಮ ಕಿವಿಗೂ ಬೀಳಬಹುದು. ಹೊಸ ಭಾಗ ಬರುವವರೆಗೆ ಎಂದು ಮಾಡಿದ ಆ ಜೋಡಣೆ ಹಾಗೆಯೇ ಉಳಿದುಬಿಟ್ಟಿರುವ ಯಂತ್ರಗಳು ಎಷ್ಟೋ ಇವೆ. ಒಂದು ದಿನಕ್ಕೂ ಅದನ್ನು ಮಾಡಬೇಡಿ.

ಕಟಾಫ್, ಥರ್ಮೋಸ್ಟಾಟ್, ಕಾಯಿಲ್ ಮೂರೂ ಸರಿಯಿದ್ದು, 240 ವೋಲ್ಟ್ ಕೂಡ ಬರುತ್ತಿದ್ದರೆ ಉಳಿಯುವ ಜಾಗಗಳು ಕೆಲವೇ. ಒಂದು, ಮೋಟಾರಿನ ಮೇಲಿರುವ ಸೆಂಟ್ರಿಫ್ಯೂಗಲ್ ಸ್ವಿಚ್. ಮೋಟಾರು ವೇಗ ಹಿಡಿದ ಮೇಲೆಯೇ ಹೀಟರಿಗೆ ವಿದ್ಯುತ್ ಬಿಡುವ ಅದರ ಸಂಪರ್ಕ ಬಿಂದುಗಳು ಸುಡುವುದುಂಟು. ಇನ್ನೊಂದು, ಟೈಮರಿನೊಳಗಿನ ಹೀಟರ್ ಸಂಪರ್ಕ. ಈ ಒಂದು ಅರ್ಥದಲ್ಲಿ ನಿಮ್ಮ ಮೆಕ್ಯಾನಿಕ್ಕರ ಮಾತು ನಿಜವಾಗಬಹುದು, ಆದರೆ ಅದು ಕೊನೆಗೆ ನೋಡಬೇಕಾದದ್ದು. ಮೂರನೆಯದು, ವಿದ್ಯುತ್ ಕೇಬಲ್ ಯಂತ್ರಕ್ಕೆ ಸೇರುವ ಟರ್ಮಿನಲ್ ಬ್ಲಾಕ್. ಹೀಟರ್ ಸುಮಾರು 22 ಆಂಪಿಯರ್ ಎಳೆಯುತ್ತದೆ. ಅಲ್ಲಿನ ಸ್ಕ್ರೂ ಸ್ವಲ್ಪ ಸಡಿಲವಾದರೂ ಪ್ಲಾಸ್ಟಿಕ್ ಕಂದಿ, ತಾಮ್ರ ಕಪ್ಪಗಾಗಿ, ಸುಟ್ಟ ವಾಸನೆ ಹಿಡಿದಿರುತ್ತದೆ. ಹಾಗಿದ್ದರೆ ಸ್ಕ್ರೂ ಬಿಗಿದರೆ ಸಾಲದು, ಬ್ಲಾಕನ್ನೂ ಕೇಬಲ್ಲನ್ನೂ ಬದಲಿಸಬೇಕು. ಅದೇ ಹೊತ್ತಿಗೆ ನಿಮ್ಮ ಪ್ಲಗ್ಗಿಗೆ ಮೂರು ಕಡ್ಡಿಗಳೋ ನಾಲ್ಕೋ ನೋಡಿಕೊಳ್ಳಿ. 1996ರ ರಾಷ್ಟ್ರೀಯ ವಿದ್ಯುತ್ ಸಂಹಿತೆಯಿಂದೀಚೆಗೆ ಹೊಸ ವೈರಿಂಗಿಗೆ ನಾಲ್ಕು ತಂತಿ ಕಡ್ಡಾಯ. ಹಳೆಯ ಮೂರು ತಂತಿಯ ಜೋಡಣೆಯಲ್ಲಿ ಯಂತ್ರದ ತಗಡು ನ್ಯೂಟ್ರಲ್ಲಿಗೇ ಸೇರಿರುತ್ತದೆ. ನಾಲ್ಕು ತಂತಿಗೆ ಬದಲಾಯಿಸುವಾಗ ಆ ಸೇರುವೆಯನ್ನು ತಪ್ಪದೆ ಬಿಡಿಸಬೇಕು.

ದಡದಡ ಸದ್ದಿನ ಬಗ್ಗೆ. ಡ್ರಮ್ಮಿನ ಹಿಂಭಾಗ ಎರಡು ರಬ್ಬರ್ ರೋಲರ್‌ಗಳ ಮೇಲೆ ಕೂತಿರುತ್ತದೆ. ಡ್ರಮ್ಮಿನ ಭಾರ ದಿನಗಟ್ಟಲೆ ಒಂದೇ ಜಾಗದ ಮೇಲೆ ಬಿದ್ದರೆ ಹಳೆಯ ರಬ್ಬರ್ ಅಲ್ಲಿ ಚಪ್ಪಟೆಯಾಗುತ್ತದೆ; ಓಡಿ ಬೆಚ್ಚಗಾದ ಮೇಲೆ ಸದ್ದು ಕುಗ್ಗಿದರೆ ಕಾರಣ ಇದೇ. ಕೀರಲು ಸದ್ದಾದರೆ ಬೆಲ್ಟನ್ನು ಬಿಗಿಯಾಗಿಡುವ ಪುಲ್ಲಿಯ ಕಡೆ ನೋಡಬೇಕು. ಬೆಲ್ಟ್, ಪುಲ್ಲಿ, ರೋಲರ್ ಎಲ್ಲವೂ ಒಟ್ಟಾಗಿ ಸಿಗುತ್ತವೆ, ಮತ್ತು ಒಂದಕ್ಕಾಗಿ ಬಿಚ್ಚಿದರೂ ಎಲ್ಲವನ್ನೂ ಬದಲಿಸುವುದೇ ಜಾಣತನ, ಏಕೆಂದರೆ ಶ್ರಮವಿರುವುದು ಬಿಚ್ಚುವುದರಲ್ಲಿ. ಲಿಂಟ್ ಜಾಲರಿಯ ಬಾಯಿಯ ಬಳಿಯ ಎರಡು ಸ್ಕ್ರೂ ತೆಗೆದು, ಮುಂದಿನ ಎರಡು ಮೂಲೆಗಳಲ್ಲಿ ಚಪ್ಪಟೆ ಪುಟ್ಟಿ ಕತ್ತಿಯನ್ನು ತೂರಿಸಿ ಒತ್ತಿದರೆ ಮೇಲಿನ ತಗಡು ಮುಚ್ಚಳದಂತೆ ಮೇಲೇಳುತ್ತದೆ. ಬಾಗಿಲಿನ ಸ್ವಿಚ್ಚಿನ ತಂತಿ ಕಳಚಿ, ಮುಂಬದಿಯ ತಗಡಿನ ಒಳಗಡೆಯ ಎರಡು ಸ್ಕ್ರೂಗಳನ್ನು ಬಿಚ್ಚುವಾಗ ಡ್ರಮ್ಮಿಗೆ ಕೈ ಆಸರೆ ಕೊಡಿ. ಹೊಸ ಬೆಲ್ಟನ್ನು ಗೀರುಗಳಿರುವ ಮೈ ಡ್ರಮ್ಮಿಗೆ ತಾಗುವಂತೆ ಸುತ್ತಬೇಕು. ಸದ್ದು ನಿಲ್ಲಲೆಂದು ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಅದು ಲಿಂಟನ್ನು ಅಂಟಿಸಿಕೊಳ್ಳುತ್ತದೆ, ಉರಿಯಲೂ ಬಲ್ಲದು. ಡ್ರಮ್ ಹೊರಗಿರುವಾಗ ವ್ಯಾಕ್ಯೂಮ್ ಹಿಡಿದು ಮೋಟಾರಿನ ಸುತ್ತ, ಹೀಟರ್ ಪೆಟ್ಟಿಗೆಯ ಬುಡದಲ್ಲಿ ಹತ್ತಿಯಂತೆ ತುಂಬಿರುವುದನ್ನೆಲ್ಲ ಎಳೆದು ತೆಗೆಯಿರಿ.

ಎಲ್ಲವನ್ನೂ ಜೋಡಿಸಿ, ಬಟ್ಟೆಯಿಲ್ಲದೆ ಓಡಿಸಿ, ಹೊರಗೋಡೆಯ ಬಾಯಲ್ಲಿ ಅಡುಗೆಯ ಥರ್ಮಾಮೀಟರ್ ಹಿಡಿಯಿರಿ. ಉಷ್ಣತೆ ಏರಿ, 155 ಡಿಗ್ರಿಯ ಆಸುಪಾಸಿನಲ್ಲೋ, ಕೊಳವೆಯ ಉದ್ದಕ್ಕೆ ತಕ್ಕಂತೆ ಅದಕ್ಕಿಂತ ಸ್ವಲ್ಪ ಕೆಳಗೋ ನಿಂತು, ಇಳಿದು, ಮತ್ತೆ ಏರುತ್ತಿದ್ದರೆ ಮುಖ್ಯ ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತಿದೆ. ನಿಲ್ಲದೆ ಏರುತ್ತಲೇ ಹೋದರೆ ಕೂಡಲೇ ಆರಿಸಿ ಅದನ್ನೂ ಬದಲಿಸಿ, ಇಲ್ಲವಾದರೆ ಹೊಸ ಕಟಾಫ್ ಕೂಡ ಉಳಿಯುವುದಿಲ್ಲ.

ದುರಸ್ತಿ ಮಾಡಬಹುದೇ ಎಂಬ ಪ್ರಶ್ನೆಗೆ, ಮಾಡಬಹುದು, ಮಾಡಲೇಬೇಕು ಎಂದೇ ನನ್ನ ಉತ್ತರ. ಇವುಗಳಲ್ಲಿ ಸರ್ಕ್ಯೂಟ್ ಬೋರ್ಡ್ ಇಲ್ಲ, ಎಲ್ಲವನ್ನೂ ಓಮ್ ಮೀಟರಿನಿಂದ ಪತ್ತೆಹಚ್ಚಬಹುದು, ಬಿಡಿಭಾಗಗಳೆಲ್ಲ ಸೇರಿದರೂ ಹೊಸ ಯಂತ್ರದ ಬೆಲೆಯ ಸಣ್ಣ ಪಾಲಷ್ಟೇ. ಮೋಟಾರೇ ಸುಟ್ಟಿದ್ದರೆ, ಅಥವಾ ಡ್ರಮ್ಮಿನ ಅಂಚು ಸವೆದು ಹರಿದಿದ್ದರೆ ಮಾತ್ರ ನಾನು ಹೊಸದನ್ನು ಕೊಳ್ಳಿ ಎನ್ನುತ್ತಿದ್ದೆ.

ಮೈಸೂರಿಗೆ ಮಾತ್ರ ಒಯ್ಯಬೇಡಿ. ಭಾರತದಲ್ಲಿ ಲೈವ್ ಮತ್ತು ನ್ಯೂಟ್ರಲ್ ನಡುವೆಯೇ 230 ವೋಲ್ಟ್ ಇರುತ್ತದೆ. ಮೋಟಾರಿಗೂ ಟೈಮರಿಗೂ ಬೇಕಾದ 120 ವೋಲ್ಟ್ ಅಲ್ಲಿ ಸಿಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಕೂರಿಸಿ ಅದನ್ನು ಹೊಂದಿಸಿದರೂ 60 ಹರ್ಟ್ಸಿನ ಬದಲು 50 ಹರ್ಟ್ಸ್ ಇರುವುದನ್ನು ಟ್ರಾನ್ಸ್‌ಫಾರ್ಮರ್ ಬದಲಿಸಲಾರದು. ಟೈಮರಿನ ಒಂದು ಗಂಟೆ 72 ನಿಮಿಷವಾಗುವುದು ಸಣ್ಣ ಮಾತು. ನಿಮಿಷಕ್ಕೆ ಸುಮಾರು 1,725 ಸುತ್ತು ತಿರುಗಬೇಕಾದ ಮೋಟಾರು 1,430ರ ಆಸುಪಾಸಿಗೆ ಇಳಿದು ಹೆಚ್ಚು ಬಿಸಿಯಾಗುತ್ತದೆ, ಅದರ ತುದಿಯಲ್ಲಿರುವ ಬ್ಲೋವರ್ ಕೂಡ ಅಷ್ಟೇ ನಿಧಾನವಾಗುತ್ತದೆ, ಗಾಳಿ ಕಡಿಮೆಯಾಗಿ ಹೀಟರ್ ಪೆಟ್ಟಿಗೆ ಮತ್ತೆ ಮಿತಿಮೀರಿ ಬಿಸಿಯೇರುತ್ತದೆ. ಹೊರಡುವಾಗ ಇದನ್ನು ಮನೆಯ ಮುಂದಿನ ಒಡೆಯರಿಗೆ ಬಿಟ್ಟು, ಜೊತೆಯಲ್ಲಿ ವೈರಿಂಗ್ ಚಿತ್ರವನ್ನೂ ಕೊಡಿ.